ಅತ್ತೆಯ ಗೋಬರ್ ಗ್ಯಾಸು ಮತ್ತು ಗಣಿಯಿಂದ ಬಂದ ನಾನು

ದೂರದ ಕಲ್ಲಿದ್ದಲು ಗಣಿಯೊಂದರಲ್ಲಿ ನನ್ನ ನೌಕರಿ. ಕಲ್ಲಿದ್ದಲಿನ ಪದರದೊಳಗೆ ಮೀಥೇನ್ ಒತ್ತಡದಲ್ಲಿ ಅಡಗಿರುತ್ತದೆ. ಹಾಗೇ ಬಿಟ್ಟು ಕಡಿಯಲು ಹೋದರೆ ಒಮ್ಮೊಮ್ಮೆ ಅದು ಕಲ್ಲಿದ್ದಲನ್ನೇ ಸೀಳಿಕೊಂಡು ಬಂದು ಎದುರಿಗಿದ್ದವರನ್ನೆಲ್ಲ ಎತ್ತಿ ಒಗೆಯುತ್ತದೆ. ಅದಕ್ಕೇ ಮೊದಲು ಉದ್ದುದ್ದ ರಂಧ್ರ ಕೊರೆದು, ಪೈಪು ಜೋಡಿಸಿ, ಪಂಪಿನಿಂದ ಅನಿಲವನ್ನು ಹೀರಿ ತೆಗೆಯುತ್ತೇವೆ. ಸಿಂದಗಿಯ ನಮ್ಮ ಓಣಿಯವರಿಗೆ ಇಷ್ಟೆಲ್ಲ ಬೇಕಿರಲಿಲ್ಲ. "ಹುಡುಗಿ ಗ್ಯಾಸಿನಾಗ ಅದಾಳ" ಎಂದರೆ ಮುಗಿಯಿತು. ರಜೆಗೆ ಬಂದ ದಿನವೇ ಓಣಿಯ ಹಿರಿಯರೊಬ್ಬರು, "ಯವ್ವಾ, ನಮ್ಮ ಸಿಲಿಂಡರ್ ಇನ್ನೂ ಬಂದಿಲ್ಲ, ಒಂದ್ ಮಾತ ಹೇಳಿ ಕಳಸವಾ" ಎಂದಿದ್ದರು.

ಮರುದಿನ ಕನ್ನೊಳ್ಳಿಯಿಂದ ಸೋದರತ್ತೆಯ ಫೋನು. ಹಿತ್ತಲ ಗೋಬರ್ ಗ್ಯಾಸಿನ ಒಲೆ ಭುಕ್ ಭುಕ್ ಎಂದು ಆರಿಹೋಗುತ್ತಿತ್ತಂತೆ.

"ಭೂಮ್ಯಾಗಿನ ಗ್ಯಾಸ ತಗೀತಿ, ಅತ್ತಿ ಒಲಿ ಒಂದ ನಿನಗ ಕಾಣಂಗಿಲ್ಲೇನ?"

ಮೊದಲ ಬಸ್ಸಿಗೇ ಹೋದೆ. ಎಮ್ಮೆ ಕಟ್ಟುವಲ್ಲಿ ಆಗಲೇ ನಾಲ್ಕು ಜನ ಹೆಂಗಸರು ನೋಡಲು ಸೇರಿದ್ದರು. ಗುಂಡಿಯ ಮೇಲಿನ ಡ್ರಮ್ಮು ಎತ್ತರಕ್ಕೆ ಎದ್ದು ನಿಂತಿತ್ತು. ಅಂದರೆ ಗ್ಯಾಸಿಗೇನೂ ಕೊರತೆಯಿಲ್ಲ. ಪೈಪಿನ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಬರ್ನರ್ ಉಜ್ಜಿದೆ. ಒಲೆ ಮತ್ತೆ ಭುಕ್ ಎಂದಿತು. ಬೇರೆ ದಾರಿ ಕಾಣದೆ ಸೂಕ್ಷ್ಮಾಣುಗಳು, ಮೇವು, ಹವಾಮಾನ ಎಂದು ಭಾಷಣ ಶುರುಮಾಡಿದೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ಮುಗೀತೇನವಾ?"

"ಹೂಂ ಅತ್ತಿ."

ಅವರು ಡ್ರಮ್ಮಿನ ಬಳಿಯ ಗ್ಯಾಸಿನ ವಾಲ್ವು ಮುಚ್ಚಿ, ಗೋಡೆಯ ಪಕ್ಕ ಪೈಪು ಜೋತುಬಿದ್ದಿದ್ದ ಕಡೆ ಕೂತು ಜೋಡಣೆ ಸಡಿಲಿಸಿದರು. ನಾರುವ ನೀರು ಬುಳುಬುಳು ಸುರಿದು ನನ್ನ ಹೊಸ ಚಪ್ಪಲಿ ತೋಯಿಸಿತು. ಜೋಡಣೆ ಮತ್ತೆ ಬಿಗಿದು, ವಾಲ್ವು ತೆರೆದು ಕಡ್ಡಿ ಗೀರಿದರೆ ಒಲೆ ನೀಲಿಯಾಗಿ ಉರಿಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಗಣಿಯಲ್ಲೂ ಪೈಪು ತಗ್ಗಿದಲ್ಲೆಲ್ಲ ಹೀಗೇ ನೀರು ನಿಂತು ಗ್ಯಾಸಿನ ದಾರಿ ಕಟ್ಟುತ್ತದೆ. ಪಾಳಿ ಶುರುವಾಗುತ್ತಲೇ ಅದನ್ನು ಬಸಿದಿದ್ದಾರೋ ಇಲ್ಲವೋ ನೋಡಿ, ಬಸಿಯದವರನ್ನು ಬೈಯುವವಳು ನಾನೇ! ಇದನ್ನು ಆ ಹೆಂಗಸರ ಮುಂದೆ ನಾನು ಹೇಳಲಿಲ್ಲ.

"ನಿಮಗ ಗೊತ್ತಿತ್ತಲ್ರಿ ಅತ್ತಿ, ಮತ್ತ ನನ್ನ ಯಾಕ ಕರದ್ರಿ?"

"ಹೋದ ಸಲ ಬಂದಾಕಿ ಮಾರಿ ತೋರಸದ ಹೋದಿ. ಸುಮ್ನ ಕರದಿದ್ರ ಬರ್ತಿದ್ದೇನ? ನೀ ಬರೂ ಸುದ್ದಿ ಕೇಳಿದಾಗಿಂದ ನಾಕ ದಿನಾ ಕಟಗಿ ಒಲಿ ಊದಿ ಕಣ್ಣ ಕೆಂಪ ಮಾಡ್ಕೊಂಡೇನಿ ನಿನ್ನ ಸಲುವಾಗಿ."

ಬಿಸಿ ರೊಟ್ಟಿಯ ಜೊತೆ ಪುಂಡಿಪಲ್ಯ ಬಡಿಸಿದರು. ಸಂಜೆಯ ಬಸ್ಸು ತಪ್ಪಿಸಿಕೊಂಡು ಎರಡು ದಿನ ಅಲ್ಲೇ ಉಳಿದೆ.