ಸಂಜೆ ನೀರು ಮುಟ್ಟದ ಕುರಿಗಳು

ಮಾರ್ಚ್ 3, ಭಾನುವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ನನ್ನಿವಾಳದ ನಮ್ಮ ಕುರಿರೊಪ್ಪದಲ್ಲಿ ನೀರಿನ ತೊಟ್ಟಿಯ ಎದುರು ಕುಳಿತು ಈ ಲೆಕ್ಕ ಶುರು ಮಾಡಿದೆ. ಒಟ್ಟು ಕುರಿ ನಲವತ್ತಮೂರು. ಕುಡಿದವು ಐದು. ಮೂತಿ ತಾಗಿಸಿ ಹಿಂದಕ್ಕೆ ಜಿಗಿದವು ಮೂವತ್ತೆಂಟು.

ಹೀಗೆ ಶುರುವಾಗಿ ವಾರ ಕಳೆದಿತ್ತು. ಬೆಳಿಗ್ಗೆ ಅದೇ ತೊಟ್ಟಿಯಲ್ಲಿ ಕುಡಿಯುತ್ತಿದ್ದ ಕುರಿಗಳು ಬಿಸಿಲಲ್ಲಿ ಮೇದು ಬಂದ ಮೇಲೆ ಕುಡಿಯುತ್ತಿರಲಿಲ್ಲ. ಮುಂದಿನ ಭಾನುವಾರದೊಳಗೆ ಸರಿಹೋಗದಿದ್ದರೆ ಹಿಂಡನ್ನು ಜಟಿಂಗ ರಾಮೇಶ್ವರದ ಬೆಟ್ಟದ ಕಡೆ ನಂಟರ ಊರಿಗೆ ಹೊಡೆದುಕೊಂಡು ಹೋಗುವುದಾಗಿ ದೊಡ್ಡಪ್ಪ ಹೇಳಿದ್ದ. ಆಗಷ್ಟೇ ಹುಟ್ಟಿದ ಹನ್ನೊಂದು ಮರಿಗಳಿದ್ದವು.

"ಮರಿಗಳು ಅಲ್ಲೀಗಂಟ ನಡೀತಾವಾ? ದಾರ್ಯಾಗೆ ಅರ್ಧ ಉಳ್ಯಾಕಿಲ್ಲ" ಎಂದು ಅವ್ವ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು.

ನಾನು ಐಟಿಐ ಮುಗಿಸಿ ಚಳ್ಳಕೆರೆಯ ಒಂದು ವೈರಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಸೋಮವಾರ ಸಂಜೆ ಕುಡಿದವು ನಾಲ್ಕು. ಮಂಗಳವಾರ ಐದು ಗಂಟೆಗೇ ಕರೆಂಟ್ ಹೋಯಿತು. ಅಂದು ಕುಡಿದವು ಇಪ್ಪತ್ತೊಂದು. ಆ ಅಂಕಿಯ ಕೆಳಗೆ ಗೆರೆ ಎಳೆದೆ. ಕುರಿಗಳು ರೊಪ್ಪಕ್ಕೆ ಬರುವ ಹೊತ್ತಿಗೇ ದೊಡ್ಡಪ್ಪ ಮೇವು ಕತ್ತರಿಸುವ ಮಶೀನ್ ಹಾಕುತ್ತಿದ್ದ. ಅದರ ಸದ್ದಿಗೆ ಹೆದರುತ್ತವೆ ಎಂಬುದು ಅವ್ವನ ಗುಮಾನಿ.

ಬುಧವಾರ ಅಂಗಡಿಯಿಂದ ಮೀಟರ್ ತಂದೆ. ಒಂದು ಕಡ್ಡಿಯನ್ನು ತೊಟ್ಟಿಯ ನೀರಿಗೆ, ಇನ್ನೊಂದನ್ನು ಒದ್ದೆ ನೆಲಕ್ಕೆ ಹೊಡೆದ ಮೊಳೆಗೆ ಇಟ್ಟೆ. ಮಶೀನ್ ನಿಂತಿದ್ದಾಗ ಸೊನ್ನೆ, ಓಡುವಾಗ ಇಪ್ಪತ್ತನಾಲ್ಕು ವೋಲ್ಟ್. ವೈರ್ ಹಿಡಿದು ಹುಡುಕಿದೆ. ಮನೆಯಿಂದ ಮಶೀನಿಗೆ ಬಂದಿದ್ದು ಒಂದೇ ವೈರ್; ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಇರಲಿಲ್ಲ. ಅದರ ಬದಲು ಮಶೀನಿನ ಇನ್ನೊಂದು ತುದಿಯ ವೈರನ್ನು ಬೋರ್‌ವೆಲ್ಲಿನ ಕಬ್ಬಿಣದ ಕೊಳವೆಗೆ ಬಿಗಿದಿತ್ತು. ತೊಟ್ಟಿಗೆ ನೀರು ಬರುವ ಕಬ್ಬಿಣದ ಪೈಪೂ ಅದೇ ಕೊಳವೆಯನ್ನು ತಾಗಿಕೊಂಡಿತ್ತು.

"ಇದ್ಯಾರು ಕಟ್ಟಿದ್ದು, ದೊಡ್ಡಪ್ಪ?"

"ನಾನೇ. ಹತ್ತು ದಿನದ ಕೆಳಗೆ ಇನ್ನೊಂದು ವೈರ್ನ ಇಲಿ ಕಡ್ದಿತ್ತು."

"ನೆಲಕ್ಕೇ ಕರೆಂಟ್ ಬಿಟ್ಟೀರಲ್ಲ!"

"ಓದಿ ಹೇಳ್ದೋಳು ನೀನೇ. ಟ್ರಾನ್ಸ್‌ಫಾರ್ಮರ್ ತಾವ ನ್ಯೂಟ್ರಲ್ನ ನೆಲಕ್ಕೆ ಕಟ್ಬೇಕು ಅಂತ ನಿನ್ ಪುಸ್ತಕದಾಗೆ ಐತೆ ಅಂದೆ. ಅಲ್ಲಿ ಕಟ್ಟಿದ್ರೆ ಕಾನೂನು, ಇಲ್ಲಿ ಕಟ್ಟಿದ್ರೆ ತಪ್ಪಾ? ನೆಲ ಒಂದೇ ತಾನೆ? ಇಷ್ಟು ದಿನ ನಂಗೆ ಒಂದ್ಸಲಾನೂ ಹೊಡ್ದಿಲ್ಲ."

"ನೀವು ಟೈರಿನ ಎಕ್ಕಡ ಮೆಟ್ಟಿರ್ತೀರಿ. ಕುರಿಗ್ಯಾರು ಎಕ್ಕಡ ಹೊಲಿಸ್ಕೊಟ್ಟೋರು?" ಎಂದಳು ಅವ್ವ.

ಲೆಕ್ಕ ಬರೆಯುವ ನನ್ನ ದಿನಚರಿಯ ಹಳೆಯ ಪುಟ ತಿರುಗಿಸಿದೆ. ನವೆಂಬರ್ 19: "ದೊಡ್ಡಪ್ಪನಿಗೆ ನ್ಯೂಟ್ರಲ್ ನಿಯಮ ಓದಿ ಹೇಳಿದೆ. ಭೇಷ್ ಎಂದ." ನಾನು ಓದಿದ್ದು ಒಂದೇ ಸಾಲು, ಅದು ಯಾರಿಗೆ, ಎಲ್ಲಿಗೆ ಎಂದು ಹೇಳಿರಲಿಲ್ಲ. ಅವನು ಮಾಡಿದ್ದು ತಪ್ಪೆಂದು ಗೊತ್ತಿತ್ತು. ಏಕೆ ಎಂದು ಅವನಿಗೆ ಒಪ್ಪುವಂತೆ ಹೇಳಲು ಬರಲಿಲ್ಲ. ಮೇನ್ ಸ್ವಿಚ್ ಇಳಿಸಿ ಎರಡೂ ತುದಿ ಬಿಚ್ಚಿಹಾಕಿದೆ. ಅಷ್ಟರಲ್ಲಿ ಕುರಿಗಳು ಹೆದರಿಬಿಟ್ಟಿದ್ದವು. ಅಂದು ಕುಡಿದವು ಆರು.

"ವೈರ್ ಬಿಚ್ಚಿದ್ರೂ ಕುಡೀಲಿಲ್ವಲ್ಲ. ಭಾನುವಾರಕ್ಕೆ ಹೊರಡೋದೇ" ಎಂದು ದೊಡ್ಡಪ್ಪ ಕಂಬಳಿ ಕೊಡವಿದ.

ಗುರುವಾರ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ ಹತ್ತಿದೆ. ಅಲ್ಲಿ ರೇಷ್ಮೆ ನೇಯುವವರ ಮನೆಗಳಿಗೆ ವೈರಿಂಗ್ ಮಾಡಿಕೊಡುವ ಹಿರಿಯರೊಬ್ಬರಿದ್ದಾರೆ. ವೈರಿಂಗ್ ಪರ್ಮಿಟ್ಟಿನ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಅವರೇ ಮೇಷ್ಟ್ರು. ಹಿಂದಿನ ರಾತ್ರಿಯೇ ಫೋನಿನಲ್ಲಿ ನಡೆದದ್ದೆಲ್ಲ ಹೇಳಿದ್ದೆ.

"ರಾ ಅಮ್ಮಾಯಿ, ಬಾ ಒಳಕ್ಕೆ. ಮೊದ್ಲು ವೈರ್ ಬಿಚ್ಚಿ ಬಂದ್ಯಾ, ಹಂಗೇ ಬಂದ್ಯಾ?"

"ಬಿಚ್ಚೀನಿ ಸಾರ್."

"ಹಂಗಾದ್ರೆ ಕೂತ್ಕೊ."

ಪುಸ್ತಕ ತೆರೆದು, ಒಂದೇ ನಿಯಮದ ಮುಂದಿನ ಸಾಲುಗಳನ್ನೂ ಓದಿಸಿದರು. ಟ್ರಾನ್ಸ್‌ಫಾರ್ಮರ್ ಬಳಿ ನ್ಯೂಟ್ರಲ್ ಅನ್ನು ನೆಲಕ್ಕೆ ಜೋಡಿಸುವುದು ಕರೆಂಟ್ ಕೊಡುವವರ ಕೆಲಸ. ಅಲ್ಲಿಂದ ಈಚೆಗೆ ನಮ್ಮ ಕಡೆ ನ್ಯೂಟ್ರಲ್ ಬೇರೆ, ಅರ್ಥಿಂಗ್ ಬೇರೆ. ಮಶೀನಿಗೆ ಹೋದ ಕರೆಂಟ್ ವೈರಿನಲ್ಲೇ ವಾಪಸ್ ಬರಬೇಕು.

"ನಿಮ್ ದೊಡ್ಡಪ್ಪಂಗೆ ವರವು ಕಾವಲ್ ಗೊತ್ತಲ್ಲ?" ಎಂದರು. "ಬರಕ್ಕೆ ಅಂತ ಕಾಯ್ದಿಟ್ಟ ಹುಲ್ಲನ್ನ ದಿನಾ ಮೇಯ್ಸಿದ್ರೆ ಅದು ಕಾವಲ್ ಆಗ್ತೈತಾ? ಅರ್ಥಿಂಗೂ ಹಂಗೇ. ವೈರು ಕೆಟ್ಟು ಮಶೀನಿನ ಮೈಗೆ ಕರೆಂಟ್ ಬಂದ ದಿನಕ್ಕೆ ಅಂತ ಕಾಯ್ದಿಟ್ಟ ದಾರಿ ಅದು. ದಿನದ ಓಡಾಟಕ್ಕಲ್ಲ."

ಸಂಜೆ ಅದನ್ನೇ ದೊಡ್ಡಪ್ಪನಿಗೆ ಹೇಳಿದೆ. ಅವನು ಹೋಗಿ ಆ ಕಬ್ಬಿಣದ ಕೊಳವೆಯನ್ನು ಒಮ್ಮೆ ತಟ್ಟಿ ಬಂದ. ಆಮೇಲೆ, "ಇದನ್ನ ಆವತ್ತೇ ಹೇಳ್ಬಾರ್ದಿತ್ತಾ?" ಎಂದ. ಗುರುವಾರ ಕುಡಿದವು ಹತ್ತೊಂಬತ್ತು, ಶುಕ್ರವಾರ ಇಪ್ಪತ್ತೇಳು, ಶನಿವಾರ ಮೂವತ್ತನಾಲ್ಕು. ಮಶೀನ್ ಇಲ್ಲದೆ ದೊಡ್ಡಪ್ಪ ಮಚ್ಚಿನಿಂದಲೇ ಮೇವು ಕತ್ತರಿಸಿದ.

ಭಾನುವಾರ ಮೇಷ್ಟ್ರೇ ಬಂದರು. ಮನೆಯಿಂದ ಹೊಸ ನ್ಯೂಟ್ರಲ್ ಎಳೆದೆವು. ಮಶೀನಿನ ಮೈಗೆ ಬೇರೆಯೇ ಅರ್ಥಿಂಗ್ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದೆವು. ನೆಲಕ್ಕೆ ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್ ಕೂಡ ಹಾಕಿದರು. ಅಷ್ಟರಲ್ಲಿ ನಾಲ್ಕು ಕುರಿಗಳು ಗುಂಡಿಗೆ ಬಾಯಿ ಹಾಕಿ ಉಪ್ಪು ನೆಕ್ಕತೊಡಗಿದವು.

"ನೀರು ಬ್ಯಾಡ, ಉಪ್ಪು ಬೇಕು! ನಿಮ್ ಕುರಿಗೋಳಿಗೆ ನಾಲ್ಗೆ ಜಾಸ್ತಿ" ಎಂದರು ಮೇಷ್ಟ್ರು.

"ಮನ್ಯಾಗಿರೋ ಹೆಣ್ಮಕ್ಕಳ ಥರಾನೇ ರೀ" ಎಂದು ದೊಡ್ಡಪ್ಪ ನನ್ನ ಕಡೆ ನೋಡಿ, ಒಂದು ಚಪ್ಪಡಿ ಎಳೆದು ಗುಂಡಿ ಮುಚ್ಚಿದ.

ಮಶೀನ್ ಹಾಕಿದೆವು. ಮೀಟರ್ ಮುಳ್ಳು ಅಲುಗಲಿಲ್ಲ. ಯಾರೂ ಹೇಳದೆಯೇ ದೊಡ್ಡಪ್ಪ ಎಕ್ಕಡ ಬಿಟ್ಟು, ಕೆಸರಲ್ಲಿ ಬರಿಗಾಲಲ್ಲಿ ನಿಂತು ತೊಟ್ಟಿಗೆ ಕೈ ಹಾಕಿದ. ಮಶೀನ್ ಓಡುತ್ತಿರುವಾಗಲೇ ಅಂದು ಕುಡಿದವು ನಲವತ್ತು. ಬಾಗಿಲ ಪಕ್ಕ ಕಟ್ಟಿಟ್ಟಿದ್ದ ಅವನ ಬುತ್ತಿಯ ಗಂಟನ್ನು ಅವ್ವ ಬಿಚ್ಚಿ, ಅದರಲ್ಲಿದ್ದ ರೊಟ್ಟಿಯನ್ನು ನಾಲ್ವರಿಗೂ ಹಂಚಿದಳು.

ಇವತ್ತು ಮಾರ್ಚ್ 31. ಹನ್ನೊಂದು ಮರಿಗಳೂ ಇಲ್ಲೇ ಇವೆ. ಹತ್ತು ದಿನದಿಂದ ಪ್ರತಿ ಸಂಜೆಯ ಲೆಕ್ಕ ನಲವತ್ತೆರಡು. ಕಿವಿ ಹರಿದ ಒಂದು ಹಳೆಯ ಕುರಿ ಮಾತ್ರ ಬೆಳಗಾಗುವವರೆಗೆ ಕಾಯುತ್ತದೆ. ನನ್ನ ಮೀಟರಿಗೆ ಕಾಣದಷ್ಟು ಸಣ್ಣದೇನಾದರೂ ಅದಕ್ಕೆ ಇನ್ನೂ ತಾಗುತ್ತಿದೆಯೋ, ಇಲ್ಲವೇ ಹಳೆಯ ಹೆದರಿಕೆಯೋ ನನಗೆ ಗೊತ್ತಾಗಿಲ್ಲ. ನಮ್ಮಂಥ ಕಲ್ಲುನೆಲದಲ್ಲಿ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗದಂತೆ ಎಷ್ಟು ದಿನಕ್ಕೊಮ್ಮೆ ನೀರು ಹೊಯ್ಯಬೇಕು ಎಂಬುದೂ ಅಷ್ಟೇ. ಕುರಿ ಸಾಕಿದವರೋ ವೈರಿಂಗ್ ಮಾಡಿದವರೋ, ಇದನ್ನು ಬಲ್ಲವರಿದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ.