ಸುಲೇಪೇಟಕ್ಕೆ ಕಟ್ಟಿದ ಚೀಲ

ಸಂಶಯಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಚಿತ್ತಾಪುರದ ಒಂದು ಕಚೇರಿಯಲ್ಲಿ ಪಿಂಚಣಿ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ವಯಸ್ಸು ತುಂಬದವರು ತುಂಬಿದೆ ಎಂದು ಬರೆಸಿರುತ್ತಾರೆ. ಗಂಡ ಕಚೇರಿಯ ಹೊರಗೆ ಬೈಕಿನ ಮೇಲೆ ಕೂತು ಕಾಯುತ್ತಿದ್ದರೂ ವಿಧವೆ ಎಂದು ಅರ್ಜಿ ಹಾಕಿದವಳನ್ನು ನಾನೇ ಹಿಡಿದಿದ್ದೇನೆ. ಹೆಬ್ಬೆಟ್ಟಿನ ಗುರುತು ನೋಡಿದರೆ ಸಾಕು, ಒತ್ತಿದವರ ಮನಸ್ಸಿನಲ್ಲಿ ಅಳುಕಿತ್ತೋ ಇಲ್ಲವೋ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಮನೆಯಲ್ಲಿ ನನಗೇ ಮುಳುವಾಯಿತು.

ನಮ್ಮ ಮನೆ ವಾಡಿಯಲ್ಲಿ. ಗಂಡ ಭಂಕೂರದ ಹತ್ತಿರ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕಡೆ ಮೇಲ್ವಿಚಾರಕ. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ. ಜೊತೆಗೆ ಅತ್ತೆ, ಮೂರು ತುಂಬಲು ಇನ್ನೂ ಸ್ವಲ್ಪ ದಿನವಿದ್ದ ಮಗಳು, ನನ್ನ ಹೊಟ್ಟೆಯಲ್ಲಿ ಐದು ತಿಂಗಳ ಇನ್ನೊಂದು ಕೂಸು. ಗಂಡನ ಅಕ್ಕ ಸುಲೇಪೇಟದಲ್ಲಿರುತ್ತಾರೆ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರಿಗೆ ಮಕ್ಕಳಿಲ್ಲ. ನನ್ನ ಮಗಳೆಂದರೆ ಪ್ರಾಣ. ಈ ಕೊನೆಯ ಎರಡು ಮಾತುಗಳನ್ನು ನಾನು ಆ ದಿನಗಳಲ್ಲಿ ಪಕ್ಕಪಕ್ಕ ಇಟ್ಟು ಬಹಳ ಸಲ ಓದಿಕೊಂಡೆ.

ಮೊದಲು ಕಾಣೆಯಾದದ್ದು ಶಹಾಬಾದಿನಲ್ಲಿ ಕೊಂಡ ಕೆಂಪು ಲಂಗ. ಒಗೆದು ಒಣಗಿಸಿ ಮಡಿಚಿಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು. ಅತ್ತೆಯನ್ನು ಕೇಳಿದೆ.

“ಎಲ್ಲಿ ಹೋಗ್ತದ? ಮನ್ಯಾಗೇ ಇರ್ತದ ನೋಡು” ಅಂದರು. ತೊಗರಿಬೇಳೆ ಆರಿಸುತ್ತಿದ್ದವರು ತಲೆ ಕೂಡ ಎತ್ತಲಿಲ್ಲ. ತಲೆ ಎತ್ತದೆ ಉತ್ತರ ಕೊಡುವವರನ್ನು ನಾನು ಕಚೇರಿಯಲ್ಲಿ ದಿನಾ ನೋಡುತ್ತೇನೆ.

ವಾರದ ಮೇಲೆ ಗಿಳಿಯ ಚಿತ್ರ ಕೊರೆದ ಸ್ಟೀಲ್ ಲೋಟ ಹೋಯಿತು. ಆಮೇಲೆ ಹಳದಿ ಕಾಲುಚೀಲ. ಆಮೇಲೆ ಅವಳ ಪುಟ್ಟ ಬಾಚಣಿಗೆ. ಎಲ್ಲವೂ ಮಗಳವೇ. ಕಳ್ಳ ಬಂದಿದ್ದರೆ ಮಿಕ್ಸರ್ ಬಿಟ್ಟು ಕಾಲುಚೀಲ ಒಯ್ಯುತ್ತಿದ್ದನೇ?

ಅತ್ತೆಯ ಮೇಲೆ ನನಗೆ ಸಿಟ್ಟು ಮೊದಲಿನಿಂದಲೂ ಇತ್ತು ಎಂದಲ್ಲ. ನಾನು ಮತ್ತೆ ಬಸುರಿ ಎಂದು ನನಗಿಂತ ಮೊದಲು ತಿಳಿದದ್ದೂ ಅವರಿಗೇ. ಮಗಳು ಅಂಗಳದಲ್ಲಿ ಬಗ್ಗಿ, ಕಾಲಿನ ಸಂದಿಯಿಂದ ಹಿಂದೆ ನೋಡಿ ನಗುತ್ತಿದ್ದಳು. “ಇಕಿ ಹಿಂಗ ಬಗ್ಗಿ ನೋಡ್ಲಿಕತ್ತಾಳ ಅಂದ್ರ ಹಿಂದ ಒಬ್ರು ಬರ್ಲಿಕತ್ತಾರ” ಅಂದಿದ್ದರು. ಮುಟ್ಟು ನಿಂತು ಎರಡೇ ದಿನವಾಗಿತ್ತು, ನನಗೆ ಮೈ ಝುಮ್ಮೆಂದಿತ್ತು. ಅಂಥ ಅತ್ತೆ ಈಗ ಮಗಳನ್ನು ತಮ್ಮ ಪಕ್ಕದಲ್ಲಿ ಮಲಗಿಸಿಕೊಳ್ಳಲು ಶುರು ಮಾಡಿದರು. “ಈಗಿಂದ ರೂಢಿ ಆಗ್ಲಿ. ಆಮ್ಯಾಲ ನಿನ್ನ ಬಿಟ್ಟು ಇರ್ಲಿಕ್ಕಾಗಲ್ಲ ಅಕಿಗಿ” ಎಂಬುದು ಅವರ ಸಮಜಾಯಿಷಿ. ಆಮೇಲೆ ಎಂದರೆ ಯಾವಾಗ, ನನ್ನನ್ನು ಬಿಟ್ಟು ಎಲ್ಲಿ ಇರಬೇಕು, ನಾನು ಕೇಳಲಿಲ್ಲ. ಕೇಳಿದರೆ ಉತ್ತರ ತಯಾರು ಮಾಡಿಕೊಳ್ಳುತ್ತಾರೆ. ಸುಮ್ಮನಿದ್ದು ಕಾಗದ ಕೂಡಿಸುತ್ತ ಹೋಗಬೇಕು ಎನ್ನುವುದು ಕಚೇರಿ ಕಲಿಸಿದ ಪಾಠ.

ನಮ್ಮ ಕಡೆ ಇದು ಹೊಸದಲ್ಲ. ಒಬ್ಬಳಿಗೆ ಎರಡನೆಯದು ಹುಟ್ಟಿದರೆ ಮೊದಲನೆಯದನ್ನು ಮಕ್ಕಳಿಲ್ಲದ ಅಕ್ಕನ ಮನೆಗೋ ತಂಗಿಯ ಮನೆಗೋ ‘ಸ್ವಲ್ಪ ದಿನ’ ಬಿಡುತ್ತಾರೆ. ಆ ಸ್ವಲ್ಪ ದಿನ ಶಾಲೆಗೆ ಹೆಸರು ಹಚ್ಚುವತನಕ ಬೆಳೆಯುತ್ತದೆ, ಶಾಲೆಯಿಂದ ಮದುವೆಯತನಕ. ಸೇಡಂನಲ್ಲಿ ನನ್ನ ತವರಿನ ಓಣಿಯಲ್ಲೇ ಅಂಥ ಒಬ್ಬಳಿದ್ದಳು. ಹೆತ್ತವಳನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದಳು.

ಇಷ್ಟಾದರೂ ಬೆಳಗಿನ ಓಟ ತಪ್ಪುತ್ತಿರಲಿಲ್ಲ. ಚಿತ್ತಾಪುರದ ಬಸ್ಸು ಹಿಡಿಯುವ ಮೊದಲು ರೊಟ್ಟಿ ಬಡಿಯಬೇಕು, ಡಬ್ಬಿ ಕಟ್ಟಬೇಕು, ಮಗಳಿಗೆ ಹಾಲಲ್ಲಿ ರೊಟ್ಟಿ ಮುರಿದು ತಿನ್ನಿಸಬೇಕು, ಜಡೆ ಹಾಕಬೇಕು. ಅವಳೋ ಬಾಯಲ್ಲಿ ತುತ್ತು ಇಟ್ಟುಕೊಂಡು ಮನೆ ತುಂಬ ಓಡುವವಳು. ಬಾಚಣಿಗೆ ತಲೆಗೆ ತಾಗಿದರೆ ಮೀನಿನ ಹಾಗೆ ಜಾರುವವಳು. ನನಗೋ ಸೊಂಟ ನೋವು, ಬಸ್ಸಿನ ಚಿಂತೆ. “ಉಣ್ತೀಯೋ ಇಲ್ಲೋ? ಅಲ್ಲಾಡಬ್ಯಾಡ! ಅಲ್ಲಾಡಿದ್ರ ಸುಲೇಪೇಟದ ಅತ್ತಿಗಿ ಕೊಟ್ಬಿಡ್ತೀನಿ ನೋಡು!” ಎಂದು ಗದರಿದರೆ ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಿದ್ದಳು. ಎದುರು ಮನೆಯವರು ಮಕ್ಕಳಿಗೆ ಪೊಲೀಸ್ ಹೆಸರು ಹೇಳುತ್ತಿದ್ದರು, ಅತ್ತೆ ಗೋಣಿಚೀಲದವನ ಹೆಸರು. ಜಡೆಗೆ ರಿಬ್ಬನ್ ಕಟ್ಟಿ, ಚೀಲ ಹೆಗಲಿಗೇರಿಸಿ ನಾನು ಓಡುತ್ತಿದ್ದೆ.

ಆರನೇ ತಿಂಗಳಲ್ಲಿ ಒಂದು ಸಂಜೆ ಗಂಡ ಹಿತ್ತಲಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ನಾನು ಬಚ್ಚಲಿನಲ್ಲಿದ್ದೆ, ಕಿಟಕಿ ತೆರೆದಿತ್ತು.

“ಹೂಂ ಅಕ್ಕ... ಕುಬಸಕ್ಕ ಬಂದಾಗೇ ಮಾಡು... ಏ, ಈಗೇ ಅಕಿಗಿ ಹೇಳಬ್ಯಾಡ. ಗೊತ್ತಾದ್ರ ಬಿಲ್ಕುಲ್ ಒಪ್ಪಲ್ಲ. ಆದ ಮ್ಯಾಲ ಏನ್ ಮಾಡ್ತಾಳ, ಸುಮ್ಮ ಆಗ್ತಾಳ.”

ನಾನು ಚೊಂಬು ಹಿಡಿದು ಹಾಗೇ ನಿಂತೆ. ಕುಬಸ ಎಂದರೆ ಏಳನೇ ತಿಂಗಳಲ್ಲಿ ಬಸುರಿಗೆ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಮಾಡುವ ಸಂಭ್ರಮ. ನನ್ನ ಸಂಭ್ರಮದ ದಿನವೇ ನನ್ನ ಮಗಳನ್ನು ಒಯ್ಯುವುದು ನಿಶ್ಚಯವಾಗಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಹೊರಗೆ ಬಂದು, “ಯಾರ್ದು ಫೋನ್?” ಅಂದೆ.

“ಅಕ್ಕಂದು. ಹಿಂಗೇ, ಆರಾಮಿದ್ದೀರೇನು ಅಂತ.”

“ಅಷ್ಟೇನಾ?”

“ನಿನಗ ಎಲ್ಲಾದ್ರಾಗ ಶಕ್” ಎಂದು ನಕ್ಕ. ನಗು ಒಂದು ಗುಲಗಂಜಿಯಷ್ಟು ಹೆಚ್ಚಾಗಿತ್ತು.

ಅದಾದ ಮೇಲೆ ಮಗಳೇ ಸಾಕ್ಷಿ ನುಡಿಯತೊಡಗಿದಳು. ಆಟವಾಡುತ್ತ ಇದ್ದಕ್ಕಿದ್ದಂತೆ, “ಅತ್ತಿ ಮನ್ಯಾಗ ನಾಯಿ ಅದ ಏನು?” ಎಂದು ಕೇಳುವಳು. ಇನ್ನೊಂದು ದಿನ, “ಸುಲೇಪೇಟದಾಗ ಹಾಲು ಇರ್ತದೇನು?” ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನಿನಗ ಅಲ್ಲಿಗಿ ಹೋಗು ಅಂತ ಯಾರು ಹೇಳ್ಯಾರ? ಆಯಿ ಹೇಳ್ಯಾಳೇನು? ಪಪ್ಪ?” ಎಂದು ಅಜ್ಜಿಯ, ಅಪ್ಪನ ಹೆಸರು ತೆಗೆದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ನೋಡಿ ಇಳಿದು ಹೋದಳು. ಕಲಿಸಿದ್ದಾರೆ, ಹೇಳಬಾರದು ಎಂದೂ ಕಲಿಸಿದ್ದಾರೆ ಎಂದುಕೊಂಡೆ.

ಒಂದೇ ಒಂದು ಕಾಗದ ಮಾತ್ರ ಕಡತಕ್ಕೆ ಹೊಂದಲಿಲ್ಲ. ನನ್ನ ಹಳೆಯ ನೀಲಿ ಕುಪ್ಪಸ ಕಾಣೆಯಾಯಿತು. ತೋಳು ಹರಿದು, ಬಣ್ಣ ಹೋಗಿ, ಮನೆಯಲ್ಲಷ್ಟೇ ತೊಡುತ್ತಿದ್ದದ್ದು. ಕೂಸಿನ ಬಟ್ಟೆ ಒಯ್ಯಲಿ, ನನ್ನ ಹರಕು ಕುಪ್ಪಸ ಅವರಿಗೇಕೆ? ಒಂದೆರಡು ದಿನ ಏನೇನೋ ಕೆಟ್ಟ ಯೋಚನೆಗಳು ಬಂದವು, ಇಲ್ಲಿ ಬರೆಯಲು ನಾಚಿಕೆ. ನಿಂಬೆಹಣ್ಣು ಕಂಡರೂ ಎರಡು ಸಲ ನೋಡುತ್ತಿದ್ದೆ ಎಂದರೆ ಸಾಕು.

ಕುಬಸಕ್ಕೆ ಅಕ್ಕ ಎರಡು ಚೀಲ ಹಿಡಿದು ಬಂದರು. ಒಂದರಲ್ಲಿ ನನಗೆ ಸೀರೆ, ಬಳೆ, ಮಗಳಿಗೆ ಶೇಂಗಾ ಉಂಡೆ. ಇನ್ನೊಂದನ್ನು ಬಿಚ್ಚಲೇ ಇಲ್ಲ. ಅತ್ತೆ ಅದನ್ನು ತೆಗೆದುಕೊಂಡು ಅಟ್ಟದ ಮೇಲೆ ಇಟ್ಟರು, ಮುಂದೆ ಒಂದು ಮೊರ ಅಡ್ಡ ಇಟ್ಟರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಅರಿಸಿನ ಹಚ್ಚಿದರು, ಓಣಿಯ ಹೆಂಗಸರು ಉಡಿ ತುಂಬಿದರು. ಬಳೆ ತೊಡಿಸುವಾಗ ಅಕ್ಕನ ಕೈ ತಣ್ಣಗಿತ್ತು. ನಾನು ಆರತಿ ನೋಡಲಿಲ್ಲ, ಅಟ್ಟದ ಮೇಲಿನ ಮೊರ ನೋಡುತ್ತ ಕೂತಿದ್ದೆ. ತೆಗೆದಿಟ್ಟದ್ದನ್ನೆಲ್ಲ ಅದರ ಹಿಂದಿನ ಚೀಲಕ್ಕೇ ತುಂಬುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೊರಟು ನಿಂತರು. ಸೇಡಂ ಬಸ್ಸು ಹಿಡಿದು ಅಲ್ಲಿಂದ ಸುಲೇಪೇಟಕ್ಕೆ. ಗಂಡ ಬೈಕ್ ಹೊರಗೆ ತಂದಿದ್ದ. ನಾನು ಮಗಳಿಗೆ ಉಣಿಸಿ ಜಡೆ ಹಾಕಿದ್ದೆ, ರಜೆ ಹಾಕಿದ್ದೆ. ಬಾಗಿಲಿಗೆ ಅಡ್ಡ ನಿಂತೆ.

“ಅಕ್ಕಾ, ಅಟ್ಟದ ಮ್ಯಾಲಿನ ಚೀಲ ಕೆಳಗ ತಗೀರಿ. ನಾ ನೋಡ್ಬೇಕು.”

“ಅದ್ರಾಗ ಏನದ ನೋಡೋದು? ಈಗ ಬ್ಯಾಡ” ಎಂದು ಅತ್ತೆ ಅಡ್ಡ ಬಂದರು.

“ನನ್ನ ಮಗಳ ಬಟ್ಟಿ ಅವ ಅದ್ರಾಗ! ಎರಡು ತಿಂಗಳಿಂದ ಒಂದೊಂದೇ ತೆಗದು ಇಡ್ಲಿಕತ್ತೀರಿ. ಅಕಿನ್ನ ಸುಲೇಪೇಟಕ್ಕ ಒಯ್ಲಿಕತ್ತೀರಿ, ನನಗ ಎಲ್ಲ ಗೊತ್ತದ!” ನನ್ನ ದನಿ ಎದುರು ಮನೆಗೂ ಕೇಳಿರಬೇಕು.

ಅಕ್ಕ ಸ್ಟೂಲ್ ಹಾಕಿಕೊಂಡು ಹತ್ತಿದರು, ಚೀಲ ಇಳಿಸಿದರು, ಫರ್ಸಿಯ ಮೇಲೆ ಸುರಿದರು. ಚಿಕ್ಕ ಚಿಕ್ಕ ಅಂಗಿಗಳು, ಕುಲಾವಿ, ಒಗೆದು ಒಗೆದು ಹತ್ತಿಯಂತಾದ ದುಪ್ಪಟಿ. ಎಲ್ಲ ಹಳೆಯವು, ಆಗತಾನೇ ಹುಟ್ಟಿದ ಕೂಸಿನ ಅಳತೆಯವು. ಒಂದೂ ನನ್ನ ಮಗಳದಲ್ಲ.

ಆಗ ತಿಳಿಯಿತು. ಹುಟ್ಟಿದ ಕೂಸಿಗೆ ಮೊದಲು ಬೇರೆ ಮನೆಗಳ ಗಟ್ಟಿಮುಟ್ಟಾದ ಮಕ್ಕಳು ತೊಟ್ಟು ಬಿಟ್ಟ ಬಟ್ಟೆ ತೊಡಿಸಬೇಕು, ಅದನ್ನು ಸೋದರತ್ತೆ ಬೇಡಿ ತರಬೇಕು ಎಂಬುದು ಅವರ ಮನೆತನದ ರೂಢಿ. ಮೊದಲನೆಯ ಸಲ ನಾನು, “ಮಂದಿ ಹಳೆ ಅರಿವಿ ನನ್ನ ಕೂಸಿಗಿ ಬ್ಯಾಡ” ಎಂದು ರಂಪ ಮಾಡಿ ಎಲ್ಲ ಹೊಸದು ತರಿಸಿದ್ದೆ. ಮೈಮೇಲೆ ಗುಳ್ಳೆ ಎದ್ದು ಮಗಳು ಹದಿನೈದು ದಿನ ಅತ್ತಿದ್ದಳು. ಈ ಸಲ ನನಗೆ ಹೇಳದೆ ತಂದಿಟ್ಟಿದ್ದರು.

“ಐದು ಮನಿ ತಿರುಗಿ ತಂದೀನಿ” ಅಂದರು ಅಕ್ಕ. ಅಂಗಿಗಳನ್ನು ಒಂದೊಂದಾಗಿ ಮಡಿಚುತ್ತಿದ್ದರು. “ಒಬ್ಬಾಕಿ ಕೊಡಲೇ ಇಲ್ಲ. ಮಕ್ಕಳಿಲ್ಲದಾಕಿ ಕೈಲಿ ಕೊಡಬಾರದಂತ. ನೀನೂ ನನ್ನ ಹಂಗೇ ತಿಳ್ಕೊಂಡಿ.”

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ಆದರೂ, ಒಪ್ಪಿಕೊಳ್ಳುತ್ತೇನೆ, ಆ ಹೊತ್ತಿನಲ್ಲೂ ತಲೆಯ ಒಂದು ಮೂಲೆ ಕೇಳುತ್ತಲೇ ಇತ್ತು: ಹಾಗಾದರೆ ಕೆಂಪು ಲಂಗ ಎಲ್ಲಿ?

ಒಳಗಿನ ಕೋಣೆಯಿಂದ ಏನೋ ಎಳೆಯುವ ಸದ್ದು ಬಂತು. ಮಗಳು ಬಂದಳು. ಚಪ್ಪಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಎರಡೂ ಕೈಯಲ್ಲಿ ಸೀರೆ ಅಂಗಡಿಯ ಬಟ್ಟೆ ಚೀಲ. ಅತ್ತೆಯ ಮಂಚದ ಕೆಳಗೆ ಜೋಳದ ಚೀಲದ ಹಿಂದೆ ಇಟ್ಟಿದ್ದಳಂತೆ. ಅದರ ಬಾಯಿಂದ ಕೆಂಪು ಅಂಚು ಹೊರಗೆ ಇಣುಕುತ್ತಿತ್ತು.

“ಅತ್ತಿ, ನಡಿ” ಅಂದಳು.

ಅಕ್ಕ ಕೂತಲ್ಲೇ ತಿರುಗಿ, “ಎಲ್ಲಿಗಿ ನನ್ನವ್ವ?” ಎಂದು ಕೇಳಿದರು.

“ನಿಮ್ಮ ಮನಿಗಿ. ಅವ್ವ ಕೊಟ್ಟಾಳ.”

ಅತ್ತೆ ಅವಳ ಕೈಯಿಂದ ಚೀಲ ತೆಗೆದುಕೊಂಡು ನೋಡಿದರು. ಲಂಗ. ಗಿಳಿಯ ಲೋಟ, ಹಾಲು ಕುಡಿಯಲು. ಕಾಲುಚೀಲ, ಬಾಚಣಿಗೆ. ತಳದಲ್ಲಿ ಉಂಡೆ ಮಾಡಿ ತುರುಕಿದ ನನ್ನ ನೀಲಿ ಕುಪ್ಪಸ. ಅತ್ತೆಯ ಪಕ್ಕ ಮಲಗುವಾಗ ಅದನ್ನು ಮೂಗಿಗೆ ಹಿಡಿದುಕೊಳ್ಳುತ್ತಿದ್ದಳು ಎಂದು ಅತ್ತೆ ಆಮೇಲೆ ಹೇಳಿದರು. ಬೆಳಿಗ್ಗೆ ಕೈಬಿಡುತ್ತಾಳೆ, ಎಲ್ಲೋ ಬಿದ್ದಿರುತ್ತದೆ ಎಂದು ಅವರೂ ಲಕ್ಷ್ಯ ಕೊಟ್ಟಿರಲಿಲ್ಲ.

ಮಗಳು ಅಳುತ್ತಿರಲಿಲ್ಲ. ನನ್ನ ಕಡೆ ತಿರುಗಿ, ತಾನು ಹಾಕಿಸಿಕೊಂಡ ಜಡೆಯನ್ನು ಮುಂದಕ್ಕೆ ಎಳೆದು ತೋರಿಸಿದಳು.

“ಉಂಡೀನಿ, ಅವ್ವ. ಅಲ್ಲಾಡಿಲ್ಲ. ಆದ್ರೂ ಹೋಗ್ಬೇಕೇನು?”

ಏಳು ತಿಂಗಳ ಹೊಟ್ಟೆ ಹೊತ್ತು ನೆಲಕ್ಕೆ ಕೂತುಬಿಟ್ಟೆ. ಅವಳನ್ನು ಎಳೆದು ಅಪ್ಪಿಕೊಂಡು ಗಟ್ಟಿಯಾಗಿ ಅಳತೊಡಗಿದೆ. ಎಲ್ಲರ ಹೆಬ್ಬೆಟ್ಟಿನ ಗುರುತು ನೋಡಿದೆ, ನನ್ನದೊಂದನ್ನು ಬಿಟ್ಟು. ಅಕ್ಕ ಆ ದಿನ ಹೋಗಲಿಲ್ಲ. ನಾನು ಕಾಲು ಮುಟ್ಟಲು ಹೋದರೆ ತಡೆದು, “ಬಸುರಿ ಬಗ್ಗಬಾರದು, ಏಳು” ಅಂದರು. ಕ್ಷಮಿಸಿದರೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವಿಲ್ಲ.

ಎರಡನೆಯ ಕೂಸಿಗೆ ಈಗ ಐದು ತಿಂಗಳು. ಸುಲೇಪೇಟದ ಹಳೆಯ ಅಂಗಿಗಳಲ್ಲೇ ಬೆಳೆದಿದೆ, ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ಮಗಳು ತಂಗಿಯನ್ನು ಮುದ್ದಿಸುತ್ತಾಳೆ, ಎಲ್ಲರಿಗೂ ಅದೇ ಸಮಾಧಾನ. ಬಟ್ಟೆ ಚೀಲ ಮಾತ್ರ ಇನ್ನೂ ಮಂಚದ ಕೆಳಗೇ ಇದೆ. ಬಿಚ್ಚಿ ಲಂಗ ತೊಡಿಸುತ್ತೇನೆ ಅಂದರೆ, “ಇರ್ಲಿ” ಅನ್ನುತ್ತಾಳೆ. ನಿನ್ನನ್ನು ಯಾರಿಗೂ ಕೊಡುವುದಿಲ್ಲ ಎಂದು ದಿನಾ ಹೇಳುತ್ತೇನೆ. ಹೂಂ ಅನ್ನುತ್ತಾಳೆ, ತಲೆ ಎತ್ತುವುದಿಲ್ಲ.

ಬೆಳಿಗ್ಗೆ ನಾನು ಬಾಚಣಿಗೆ ಕೈಗೆತ್ತಿಕೊಂಡರೆ ಕರೆಯದೆ ತಾನೇ ಬಂದು ಮುಂದೆ ಕೂಡುತ್ತಾಳೆ. ಸಿಕ್ಕು ಎಳೆದು ನೋವಾದರೂ ಅಲ್ಲಾಡುವುದಿಲ್ಲ.