ಕೂತೇ ತಿನ್ನುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಬೇಕರಿಯಲ್ಲಿ ಕೇಕಿಗೆ ಅಲಂಕಾರ ಮಾಡುತ್ತಾರೆ. ಓವನ್ನಿನಿಂದ ಬಂದ ಕೇಕಿನ ತಲೆ ಉಬ್ಬಿಕೊಂಡಿರುತ್ತದೆ. ಅದನ್ನು ಉದ್ದನೆಯ ಚಾಕುವಿನಿಂದ ಕೊಯ್ದು ಸಮ ಮಾಡಿದ ಮೇಲೆಯೇ ಕ್ರೀಮು ಬಳಿಯುವುದು. ಕೊಯ್ದ ಚೂರು ಎಲ್ಲಿಗೆ ಹೋಗಬೇಕು? ವರ್ಷಗಟ್ಟಲೆ ಚಿಕ್ಕಮ್ಮನ ಬಾಯಿಗೇ ಹೋಯಿತು. ಮನೆಯಲ್ಲಿ ಊಟಕ್ಕೆ ಕರೆದರೆ ಮಾತ್ರ, "ಹಸಿವೇ ಇಲ್ಲ ಕಣೇ, ಸ್ವಲ್ಪ ಸಾಕು" ಅನ್ನುವರು. ಏನೂ ತಿನ್ನದವರು ಯಾಕೆ ಹೀಗೆ ಊದುತ್ತಿದ್ದಾರೆ ಎಂದು ನಾನು ಇಲ್ಲದ ಕಾಯಿಲೆಗಳನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ತಲೆ ಕೆಡಿಸಿಕೊಂಡೆ. ಮಗಳು ಒಂದು ಸೀನು ಸೀನಿದರೂ ಜೀವ ಬಾಯಿಗೆ ಬರುವವಳು ನಾನು.

ಕಡೆಗೆ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆ ಮುಟ್ಟಿದೆ, ಹೀಗೇ ಬಿಟ್ಟರೆ ದೃಷ್ಟಿ ಹೋಗಬಹುದು. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಾನು ಅತ್ತುಬಿಟ್ಟೆ.

"ಕೆಲಸ ಬಿಟ್ಬಿಡಿ ಚಿಕ್ಕಮ್ಮ."

"ಕಣ್ಣು ಬೇಕಿರೋದೇ ಆ ಕೆಲಸಕ್ಕೆ. ಅದನ್ನೇ ಬಿಟ್ಟು ಏನ್ ನೋಡ್ಲಿ, ನಿನ್ನ ಅಳುಮೋರೆನಾ?"

ಮರುದಿನದಿಂದ ಚಿಕ್ಕಮ್ಮ ಬೇಕರಿಯಲ್ಲಿ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡರು. ಒಂದು ಚೂರೂ ಮುಟ್ಟುವುದಿಲ್ಲ ಎಂದು ಶಪಥ. ಮಧ್ಯಾಹ್ನದವರೆಗೆ ಹಲ್ಲು ಕಚ್ಚಿ ಹಿಡಿದರೆ, ಸಂಜೆಗೆ ಬಟ್ಟೆ ಕತ್ತಿಗಿಳಿಯುತ್ತಿತ್ತು. "ಒಂದು ಬಾಯಿಗೆ ಹಾಕ್ದೆ. ಶಪಥ ಹೇಗೂ ಮುರೀತಲ್ಲ, ಇನ್ನೇನು ಅಂತ ತಟ್ಟೇನೇ ಖಾಲಿ ಮಾಡ್ದೆ" ಎಂದು ಒಮ್ಮೆ ನನ್ನೆದುರು ಕಣ್ಣೀರು ಹಾಕಿದರು. ಇದರ ನಡುವೆ ಇನ್ನೊಂದು ಎಡವಟ್ಟು. ಬಾಯಿಗೆ ಬಟ್ಟೆ ಕಟ್ಟಿ ರುಚಿ ನೋಡದೆ ಕಳಿಸಿದ ಕೇಕು, ಡಬ್ಬದ ಸಮೇತ ವಾಪಸು ಬಂತು. ಕ್ರೀಮಿಗೆ ಬಿದ್ದದ್ದು ಸಕ್ಕರೆಯಲ್ಲ, ಉಪ್ಪು!

"ರುಚಿ ನೋಡಲ್ಲ ಅಂದ್ರೆ ನೀವ್ಯಾಕೆ ಅಕ್ಕ ಇಲ್ಲಿ?" ಎಂದು ಮಾಲೀಕ ಗಿರಾಕಿಗಳ ಎದುರೇ ಕೇಳಿದ.

ತಿಂದರೆ ಕಣ್ಣು ಹೋಗುತ್ತದೆ, ತಿನ್ನದಿದ್ದರೆ ಕೆಲಸ. ಆ ಭಾನುವಾರ ನಮ್ಮ ಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದ ಚಿಕ್ಕಮ್ಮ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ಬಾಯಲ್ಲಿ ಹಸಿ ಬಟಾಣಿ. "ನೋಡಿದ್ಯಾ? ಇದನ್ನ ಯಾವಾಗ ಹಾಕ್ಕೊಂಡೆ ಅಂತ ನಂಗೇ ಗೊತ್ತಿಲ್ಲ. ನಾನೆಲ್ಲೇ ತಿಂತಿದೀನಿ, ಕೈ ತಿಂತಿದೆ!"

ಅಂದೇ ನಿಯಮ ಮಾಡಿಕೊಂಡರು. ತಿನ್ನುವುದೇನಿದ್ದರೂ ಬಟ್ಟಲಲ್ಲಿ ಹಾಕಿಕೊಂಡು, ಕೂತು, ನೋಡಿಕೊಂಡು. ನಿಂತು ಏನೂ ಇಲ್ಲ. ಬೇಕರಿಯ ಮೂಲೆಗೆ ಸ್ಟೂಲು ಬಂತು. ಕೆಲಸದ ಗಡಿಬಿಡಿಯಲ್ಲಿ ಹತ್ತು ಸಲ ಕೂರಲು ಯಾರಿಗೆ ಪುರುಸೊತ್ತು? ರುಚಿಗೆ ಒಂದು ಚೂರು, ಮುಗಿಯಿತು. ಮಿಕ್ಕದ್ದು ಮುಚ್ಚಳದ ಡಬ್ಬಕ್ಕೆ. "ಮಹಾರಾಣಿಯವರು ಸಿಂಹಾಸನ ಏರಿದ್ರು, ದಾರಿ ಬಿಡ್ರಪ್ಪಾ" ಎಂದು ಓವನ್ನಿನವನು ಕೂಗುತ್ತಿದ್ದ.

ಮೊನ್ನೆ ಮಗಳ ಹುಟ್ಟುಹಬ್ಬದ ಕೇಕು ತರಲು ಹೋದೆ. ಜನವೋ ಜನ. ಚಿಕ್ಕಮ್ಮ ಚೂರು ಕೈಯಲ್ಲಿ ಹಿಡಿದು ತಿರುಗಿದರೆ, ಸ್ಟೂಲಿನ ಮೇಲೆ ಮೈದಾ ಮೂಟೆ.

"ಅಕ್ಕಾ, ಒಂದು ಚೂರಲ್ವಾ? ಬಾಯಿಗೆ ಹಾಕ್ಕೊಂಡು ಮುಗಿಸಿ!" ಮಾಲೀಕ ಕೂಗಿದ.

ಅವರ ಕೈ ಬಾಯಿಯ ಹತ್ತಿರವೇ ಇತ್ತು.

"ಆ ಒಂದೊಂದು ಚೂರೇ ಕಣಯ್ಯಾ ನನ್ನ ಕಣ್ಣಿಗೆ ಕುತ್ತು ತಂದಿದ್ದು."

ಚೂರನ್ನು ಬಟ್ಟಲಿಗೆ ಹಾಕಿದರು. ಮೂಟೆಯ ಕಿವಿ ಹಿಡಿದು ಎಳೆದರು. ಅದು ಕದಲಲಿಲ್ಲ. ಕೌಂಟರು ದಾಟಿ ಹೊರಗೆ ಬಂದು, ಏಪ್ರನ್ ಸಮೇತ ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಗಿರಾಕಿಗಳು ಸುತ್ತಿ ಹೋಗುತ್ತಿದ್ದರು. ಚಿಕ್ಕಮ್ಮ ನಿಧಾನವಾಗಿ ಅಗಿದು, ನುಂಗಿ, ನನ್ನ ಕಡೆ ನೋಡಿದರು.

"ಸಕ್ಕರೆ ಸರಿಯಾಗಿದೆ. ಏಳು, ನಿನ್ನ ಮಗಳ ಹೆಸರು ಬರೀಬೇಕು."

ನಾನು ಯಾವಾಗ ಅವರ ಪಕ್ಕ ಕೂತೆನೋ ಗೊತ್ತೇ ಆಗಿರಲಿಲ್ಲ. ಕಣ್ಣಿನ ಪರೀಕ್ಷೆ ಮುಂದಿನ ವಾರ. ನಾನು ಈಗಲೇ ಮತ್ತೆ ಮೊಬೈಲಿನಲ್ಲಿ ಹುಡುಕಲು ಶುರು ಮಾಡಿದ್ದೆ. ಚಿಕ್ಕಮ್ಮ ಮಾತ್ರ ಒಳಗೆ ಹೋದವರೇ ಓವನ್ನಿನವನಿಗೆ ಗದರಿದರು: "ಮೊದಲು ಆ ಮೂಟೆ ಇಳಿಸೋ!"